ಟಾರ್ಚಿಗೆ ಬ್ಯಾಟರಿ ಬದಲು ಸೂಪರ್‌ಕೆಪಾಸಿಟರ್ ಹಾಕಿದೆ, ಒಂದೂವರೆ ನಿಮಿಷಕ್ಕೆ ಆರಿಹೋಗುತ್ತದೆ

ಮಲೇಬೆನ್ನೂರು ಗದ್ದೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಭದ್ರಾ ಚಾನಲ್ ನೀರಿನ ಭತ್ತದ ಗದ್ದೆ. ನೀರು ಬಿಟ್ಟಾಗ ಅಪ್ಪ ರಾತ್ರಿ ಹೊತ್ತೇ ನೀರು ಕಟ್ಟಲು ಹೋಗುತ್ತಾರೆ. ಅವರ ಟಾರ್ಚಿನ ಬ್ಯಾಟರಿ ವರ್ಷಕ್ಕೊಂದು ಸಲ ಕೈಕೊಡುತ್ತದೆ. ಸೂಪರ್‌ಕೆಪಾಸಿಟರ್ (ಬ್ಯಾಟರಿಯ ಹಾಗೆ ಚಾರ್ಜ್ ಹಿಡಿದಿಡುವ, ಆದರೆ ಬೇಗ ತುಂಬುವ ಬಿಡಿಭಾಗ) ಲಕ್ಷಗಟ್ಟಲೆ ಸಲ ಚಾರ್ಜ್ ಮಾಡಿದರೂ ಬಾಳುತ್ತದೆ ಎಂದು ಓದಿ, 2.7 ವೋಲ್ಟ್ 100 ಫ್ಯಾರಡ್‌ನವು (ಫ್ಯಾರಡ್ ಅಂದರೆ ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಎರಡು ತರಿಸಿದೆ. ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿ, ಟಿಪಿ4056 ಚಾರ್ಜಿಂಗ್ ಬೋರ್ಡ್ ಹಾಕಿ, ಅಲ್ಲಿಂದ ವೋಲ್ಟೇಜ್ ಏರಿಸುವ ಎಂಟಿ3608 ಬೂಸ್ಟ್ ಬೋರ್ಡ್ ಮೂಲಕ 3 ವ್ಯಾಟ್ ಎಲ್‌ಇಡಿಗೆ ಕೊಟ್ಟಿದ್ದೇನೆ.

ತೊಂದರೆ ಎರಡು. ಕ್ಷಣದಲ್ಲಿ ತುಂಬಬೇಕಾದದ್ದು ಹತ್ತಿರ ಹತ್ತಿರ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಆಮೇಲೆ ಒಂದೂವರೆ ನಿಮಿಷ ಚೆನ್ನಾಗಿ ಉರಿದು ಫಕ್ಕನೆ ಆರುತ್ತದೆ. ಆರಿದ ಮೇಲೆ ಮೀಟರ್ ಹಿಡಿದರೆ ಕೆಪಾಸಿಟರ್‌ಗಳಲ್ಲಿ ಇನ್ನೂ 2.5 ವೋಲ್ಟ್ ಇದೆ! ಕೆಪಾಸಿಟರ್ ನಕಲಿ ಇರಬಹುದಾ?

ದುರ್ಗದ ರಿಪೇರಿ:
ನಕಲಿ ಅಲ್ಲ ತಮ್ಮ. ನೀನು ಹೇಳಿದ ಲೆಕ್ಕ ನೋಡಿದರೆ ಕೆಪಾಸಿಟರ್ ಸರಿಯಾಗೇ ಇದೆ. ಬೋರ್ಡು ಅದನ್ನು ಲಿಥಿಯಂ ಸೆಲ್ ಎಂದುಕೊಂಡಿದೆ, ಅಷ್ಟೇ.

ಟಿಪಿ4056 ಖಾಲಿ ಸೆಲ್ ಕಂಡರೆ ಹುಷಾರಾಗಿ ಚಾರ್ಜ್ ಮಾಡುತ್ತದೆ. ಸುಮಾರು 2.9 ವೋಲ್ಟ್ ಆಗುವ ತನಕ ಹತ್ತನೇ ಒಂದು ಪಾಲು ಕರೆಂಟ್ ಮಾತ್ರ ಬಿಡುತ್ತದೆ. 1 ಆಂಪಿಯರ್ ಬೋರ್ಡಿನಲ್ಲಿ ಅದು 0.1 ಆಂಪಿಯರ್. ನಿನ್ನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿ ಸೇರಿದಾಗ ಸಾಮರ್ಥ್ಯ ಅರ್ಧಕ್ಕಿಳಿದು ಆಗುವುದು 50 ಫ್ಯಾರಡ್. 50ಕ್ಕೆ 2.9 ಗುಣಿಸಿ 0.1ರಿಂದ ಭಾಗಿಸು: 1450 ಸೆಕೆಂಡು, ಅಂದರೆ 24 ನಿಮಿಷ. ಅಲ್ಲಿಂದ 4.2ಕ್ಕೆ ಹೋಗಲು ಒಂದು ನಿಮಿಷ ಚಿಲ್ಲರೆ ಸಾಕು. ನಿನ್ನ ಅರ್ಧ ಗಂಟೆ ಎಲ್ಲಿಂದ ಬಂತು ಗೊತ್ತಾಯಿತಲ್ವಾ?

ಆರುವುದೂ ಆ ಬೋರ್ಡಿನಿಂದಲೇ. ಅದರ ಮೇಲೆ ಡಿಡಬ್ಲ್ಯೂ01 ಎಂಬ ಕಾವಲು ಚಿಪ್ ಇರುತ್ತದೆ. ಸೆಲ್ ಹಾಳಾಗದಿರಲಿ ಎಂದು ಅದು 2.4 ವೋಲ್ಟ್ ಆಸುಪಾಸಿನಲ್ಲಿ ಲೈನ್ ಕತ್ತರಿಸುತ್ತದೆ. ಲೋಡ್ ಹೋದ ಮೇಲೆ ಕೆಪಾಸಿಟರ್ ಸ್ವಲ್ಪ ಮೇಲೇರುತ್ತದೆ, ನೀನು ಕಂಡ 2.5 ಅದೇ.

ಆದರೆ ಬೋರ್ಡು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡ. 4.2ರಿಂದ 2.4 ವೋಲ್ಟ್‌ಗೆ ಇಳಿಯುವಾಗ ನಿನ್ನ ಜೋಡಿ ಕೊಡುವುದು ಸುಮಾರು 297 ಜೂಲ್ ಶಕ್ತಿ. 2500 ಎಂಎಎಚ್‌ನ ಒಂದು 18650 ಲಿಥಿಯಂ ಸೆಲ್‌ನಲ್ಲಿ 33,000 ಜೂಲ್ ಇರುತ್ತದೆ. ನೂರು ಪಟ್ಟಿಗಿಂತ ಜಾಸ್ತಿ. 3 ವ್ಯಾಟ್ ಬೆಳಕಿನಲ್ಲಿ ಗಂಟೆಗಟ್ಟಲೆ ಬದುವಿನ ಮೇಲೆ ನಡೆಯುವವರಿಗೆ ಇದನ್ನು ಕೊಡಬೇಡ. ಅರ್ಧ ದಾರಿಯಲ್ಲಿ ಕತ್ತಲಾದರೆ ಹಾವು, ಹೊಂಡ ಏನೂ ಕಾಣುವುದಿಲ್ಲ. ಅಪ್ಪನಿಗೆ ಒಳ್ಳೆಯ ಸೆಲ್ ಹಾಕಿದ ಟಾರ್ಚ್ ಬೇರೆ ಇರಲಿ.

ಮಲೇಬೆನ್ನೂರು ಗದ್ದೆ:
ಅಣ್ಣ, ಲೆಕ್ಕ ಈಗ ಅರ್ಥವಾಯಿತು. ಹಾಗಾದರೆ ಇವನ್ನು ಸುಮ್ನೆ ಎತ್ತಿಡಬೇಕಾ? ಕರೆಂಟ್ ಹೋದಾಗ ಮನೆಯಿಂದ ಕೊಟ್ಟಿಗೆಗೆ ಹೋಗಿ ಬರಲು ಒಂದು ಸಣ್ಣ ದೀಪವೂ ಬೇಕಿತ್ತು. ಹತ್ತು ನಿಮಿಷ ಉರಿದರೆ ಸಾಕು.

ದುರ್ಗದ ರಿಪೇರಿ:
ಎತ್ತಿಡಬೇಡ, ಅದು ಇದಕ್ಕೆ ಹೇಳಿ ಮಾಡಿಸಿದ ಕೆಲಸ! ಸ್ವಲ್ಪ ಹೊತ್ತು, ಸ್ವಲ್ಪ ಶಕ್ತಿ, ದಿನಾ ತುಂಬಿಸುವುದು. 2018ರ ಗ್ಯಾಲಕ್ಸಿ ನೋಟ್ 9 ಫೋನಿನ ಪೆನ್ನಿನಲ್ಲೂ ಬ್ಯಾಟರಿ ಇಲ್ಲ, ಸೂಪರ್‌ಕೆಪಾಸಿಟರ್ ಇದೆ. 40 ಸೆಕೆಂಡು ಚಾರ್ಜ್ ಮಾಡಿದರೆ ಅರ್ಧ ಗಂಟೆ ಅಥವಾ 200 ಕ್ಲಿಕ್ ಬರುತ್ತದೆ.

ಟಿಪಿ4056 ತೆಗೆದುಹಾಕು. ಎಲ್‌ಇಡಿ 0.3 ವ್ಯಾಟ್‌ನದು ಹಾಕು, ಬೂಸ್ಟ್ ಬೋರ್ಡ್ ಇರಲಿ, ಅದು 2 ವೋಲ್ಟ್ ತನಕ ಹೀರುತ್ತದೆ. ಚಾರ್ಜ್ ಮಾಡಲು ವೋಲ್ಟೇಜ್ ಇಳಿಸುವ ಎಕ್ಸ್‌ಎಲ್4015 ಬೋರ್ಡ್ ತೆಗೆದುಕೊ, ಕರೆಂಟ್ ಮಿತಿ ತಿರುಗಿಸುವ ಸ್ಕ್ರೂ ಇರುವುದೇ ಆಗಬೇಕು. ಹಳೆ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್‌ನಿಂದ ಓಡಿಸು. ಕೆಪಾಸಿಟರ್ ಜೋಡಿಸುವ ಮೊದಲೇ 5.0 ವೋಲ್ಟ್, 2 ಆಂಪಿಯರ್‌ಗೆ ಇಡು. ಈ ಬೋರ್ಡು ದೀಪದ ಹೊರಗೇ ಇರಲಿ, ಒಳಗಿದ್ದರೆ ಕೆಪಾಸಿಟರ್ ಅದರ ಮೂಲಕವೇ ಸೋರಿಹೋಗುತ್ತದೆ.

ಒಂದು ಮಾತು ಮರೆಯಬೇಡ. ಎರಡೂ ಕೆಪಾಸಿಟರ್ ಸರಿಸಮ ಇರುವುದಿಲ್ಲ. ಒಂದು 2.7 ದಾಟಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಉಬ್ಬಲೂಬಹುದು. ಎರಡರ ವೋಲ್ಟೇಜ್ ಸಮವಾಗಿರಲಿ ಎಂದು ಪ್ರತಿಯೊಂದರ ಎರಡು ಕಾಲಿಗೂ ಅಡ್ಡಲಾಗಿ 1 ಕಿಲೋ ಓಮ್ ರೆಸಿಸ್ಟರ್ ಹಾಕು. ಇದರಿಂದ ಚಾರ್ಜ್ ನಿಧಾನಕ್ಕೆ ಸೋರುತ್ತದೆ, 12 ಗಂಟೆ ಬಿಟ್ಟರೆ 3 ವೋಲ್ಟ್ ಚಿಲ್ಲರೆ ಉಳಿಯುತ್ತದೆ. ದಿನಾ ಸಂಜೆ ತುಂಬಿಸಿಡು. ತುಂಬಿದ ಮೇಲೆ ಎರಡು ತುದಿ ತಾಗದ ಹಾಗೆ ನೋಡಿಕೊ, ಉಂಗುರ ತಾಗಿದರೆ ಬೆರಳು ಸುಡುತ್ತದೆ.

ಮಲೇಬೆನ್ನೂರು ಗದ್ದೆ:
ಭಾನುವಾರ ಕೂತು ಬೆಸುಗೆ ಹಾಕಿದೆ ಅಣ್ಣ. ಎರಡು ನಿಮಿಷ ದಾಟುವಷ್ಟರಲ್ಲಿ ತುಂಬಿತು. ಉರಿದದ್ದು 22 ನಿಮಿಷ! ಅವ್ವ ಆಗಲೇ ಕೊಟ್ಟಿಗೆಗೆ ಒಯ್ದಿದ್ದಾರೆ. ಗದ್ದೆಯ ಟಾರ್ಚಿಗೆ ಹೊಸ 18650 ಸೆಲ್ ತಂದೆ.

ದುರ್ಗದ ರಿಪೇರಿ:
ಬಹಳ ಸಂತೋಷ. ತುಂಬಿದಾಗ ಒಂದೊಂದರ ವೋಲ್ಟೇಜ್ ಎಷ್ಟಿತ್ತು?

ಮಲೇಬೆನ್ನೂರು ಗದ್ದೆ:
ಒಂದು 2.47, ಇನ್ನೊಂದು 2.52.

ದುರ್ಗದ ರಿಪೇರಿ:
ಸಾಕು, ಚೆನ್ನಾಗಿದೆ. ತಿಂಗಳಿಗೊಮ್ಮೆ ಹೀಗೇ ಅಳೆದು ನೋಡು. ಯಾವುದಾದರೂ 2.65 ಮುಟ್ಟಿದರೆ ಆ ದಿನವೇ ಬೋರ್ಡನ್ನು 4.8ಕ್ಕೆ ಇಳಿಸಿ ಇಲ್ಲಿ ಬರೆ.