ಕಥೆ ಹೇಳ್ತಾನೆ, ಓದು ಅಂದ್ರೆ ಹೊಟ್ಟೆನೋವು

ಪ್ರಶ್ನೆ: ಮಗನಿಗೆ ಎಂಟು ತುಂಬಿದೆ, ಮೂರನೇ ಕ್ಲಾಸು. ಅಜ್ಜಿ ಹೇಳಿದ ಕಥೆ ಒಂದು ಸಲ ಕೇಳಿದ್ರೆ ಸಾಕು, ನರಿ, ಹುಲಿಯ ದನಿ ಸಮೇತ ಒಪ್ಪಿಸ್ತಾನೆ. ಪುಸ್ತಕ ಬಿಚ್ಚಿದ್ರೆ ಹೊಟ್ಟೆನೋವು. ಸ್ಕೂಲಲ್ಲಿ ‘ಗಮನ ಇಲ್ಲ’ ಅಂತಾರೆ, ಮನೇಲಿ ‘ಸೋಮಾರಿ’. ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಿದ್ರೂ ಓದು-ಬರಹ ತೊಡಕಾಗೋದು, ಇರಬಹುದಾ? ನಿಮ್ಮ ಮಕ್ಕಳದ್ದು ನಿಮಗೆ ಹೇಗೆ ಗೊತ್ತಾಯ್ತು?

ಮೈಸೂರಿನ ಒಬ್ಬ ತಾಯಿ: ಅಕ್ಕಾ, ನಮ್ಮ ಮಗಳದ್ದೂ ಇದೇ. ಓಮದ ನೀರು ಕುಡಿಸಿ ಕುಡಿಸಿ ಒಂದು ವರ್ಷ ಕಳೆದೆ. ಭಾನುವಾರ ಮಾತ್ರ ನೋವು ಬರ್ತಿರಲಿಲ್ಲ ಅನ್ನೋದು ಆಮೇಲೆ ಹೊಳೀತು. ‘ಮರ’ ಒಂದು ಸಾಲಲ್ಲಿ ಸರಿ, ಕೆಳಗಿನ ಸಾಲಲ್ಲಿ ‘ವರ’. ದೀರ್ಘ ಹಾರಿಹೋಗೋದು, ‘ಅಕ್ಕಿ’ ‘ಅಕಿ’ ಆಗೋದು. ಓದುವಾಗ ಮೊದಲ ಅಕ್ಷರ ನೋಡಿ ಉಳಿದದ್ದೆಲ್ಲ ಊಹೆ. ತಪ್ಪಿದ್ದನ್ನ ಹತ್ತು ಸಲ ಬರೆಸ್ತಿದ್ದೆ, ಹತ್ತರಲ್ಲೂ ಬೇರೆ ಬೇರೆ ತಪ್ಪು. ಅದೇ ಸುಳಿವು ಅಂತ ನನಗೆಲ್ಲಿ ಗೊತ್ತು? ಬೈದೆ. ಕೊನೆಗೆ ಕಣ್ಣು, ಕಿವಿ ತೋರಿಸಿದ್ವಿ, ಎರಡೂ ಸರಿ ಇತ್ತು. ಆಮೇಲೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದ್ವಿ. ಬೆಂಗಳೂರಾದ್ರೆ ನಿಮ್ಹಾನ್ಸ್ ಇದೆ. ಬುದ್ಧಿ ಚುರುಕಾಗೇ ಇದೆ, ತೊಡಕು ಓದು-ಬರಹದಲ್ಲಿ ಅಂದ್ರು.

ಪ್ರಾಥಮಿಕ ಶಾಲೆ ಶಿಕ್ಷಕಿ: ಒಂದನೇ ಕ್ಲಾಸಲ್ಲಿ ಅಕ್ಷರ ತಿರುಗಿಸಿ ಬರೆದ್ರೆ ಗಾಬರಿ ಬೇಡಮ್ಮ, ಬಹಳ ಮಕ್ಕಳು ಬರೀತಾರೆ. ಮೂರನೇ ಕ್ಲಾಸಲ್ಲೂ ಬಿಟ್ಟಿಲ್ಲ ಅಂದ್ರೆ ನೋಡಬೇಕು. ನಾನು ಸ್ಲೇಟು ಪಕ್ಕಕ್ಕಿಟ್ಟು ಕಿವಿಯಾಟ ಆಡಿಸ್ತೀನಿ. ‘ಬಾಗಿಲು’ ಅನ್ನೋದ್ರಲ್ಲಿ ‘ಬಾ’ ತೆಗೆದ್ರೆ ಏನು ಉಳೀತು? ‘ಮಳೆ’ಗೆ ಪ್ರಾಸ ಹೇಳು. ಬಾಯಲ್ಲೇ ತಡವರಿಸಿದ್ರೆ ಅಕ್ಷರಕ್ಕಿಂತ ಮೊದಲೇ, ದನಿ ಬಿಡಿಸೋದ್ರಲ್ಲೇ ಕಷ್ಟ ಇರಬಹುದು. ಇದೊಂದರಿಂದ ತೀರ್ಮಾನ ಮಾಡಬೇಡಿ. ಪಾಠದ ನಡುವಿನ ಸಾಲು ತೋರಿಸಿ ಓದಿಸಿ. ಕಂಠಪಾಠ ಒಪ್ಪಿಸಿದ್ದನ್ನೇ ಓದು ಅಂದ್ಕೊಂಡು ನಾವು ಟೀಚರುಗಳೇ ಎಷ್ಟೋ ಸಲ ಮೋಸ ಹೋಗಿದೀವಿ.

ಹಾಸನದ ಒಬ್ಬ ತಂದೆ: ಡಿಸ್ಲೆಕ್ಸಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಪ್ರಮಾಣಪತ್ರ ಇದ್ರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡೋರ ನೆರವು ಕೇಳಬಹುದು. ‘ಅಂಗವಿಕಲ’ ಅನ್ನೋ ಪದಕ್ಕೆ ನಮ್ಮಪ್ಪ ಮೂರು ತಿಂಗಳು ಮಾತು ಬಿಟ್ಟಿದ್ರು. ಈಗ ಮೊಮ್ಮಗನಿಗೆ ಸಮಾಜ ಪಾಠ ಅವರೇ ಓದಿ ಹೇಳ್ತಾರೆ. ಅಂದಹಾಗೆ, ನನಗೂ ಕನ್ನಡ ಪೇಪರ್ ಓದಿ ಮುಗಿಸೋಕೆ ಮಧ್ಯಾಹ್ನ ಆಗುತ್ತೆ. ಮನೆತನದಲ್ಲಿ ಬರೋದೂ ಉಂಟಂತೆ.

ಪ್ರಶ್ನೆ ಕೇಳಿದವರು: ಈಗ ತಾನೇ ‘ಬಾಗಿಲು’ ಕೇಳಿದೆ. ತುಂಬಾ ಹೊತ್ತು ಯೋಚಿಸಿ ‘ಬಾಗಿ’ ಅಂದ. ಅಜ್ಜಿಗೆ ಆಟ ಹಿಡಿಸಿದೆ, ಇಬ್ಬರೂ ‘ಮಳೆ’ಗೆ ಪ್ರಾಸ ಹುಡುಕ್ತಾ ಕೂತಿದ್ದಾರೆ. ಸೋಮವಾರ ಕಣ್ಣಿನ ಡಾಕ್ಟರ ಹತ್ರ ಹೋಗ್ತೀವಿ.