ವಿಷಯ: ವರ್ಚುವಲ್ ಸರ್ವರ್, ಕಮಾಂಡ್ ಲೈನ್, ಡೆಸ್ಟ್ರಾಯ್ – ಕನ್ನಡ ಪದಗಳು ತುರ್ತಾಗಿ ಬೇಕು

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳ ಪ್ರಯೋಗಾಲಯದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಿನಕ್ಸ್ ಯಂತ್ರದಲ್ಲಿ ಕೆವಿಎಂ (ವರ್ಚುವಲ್ ಯಂತ್ರ ಓಡಿಸಲು ಲಿನಕ್ಸ್‌ನಲ್ಲೇ ಇರುವ ಸೌಲಭ್ಯ) ಬಳಸಿ, ಮೌಸ್ ಮುಟ್ಟದೆ, ಬರಿಯ ಕಮಾಂಡುಗಳಿಂದಲೇ ವರ್ಚುವಲ್ ಸರ್ವರ್‌ಗಳನ್ನು ಕಟ್ಟಿ ಹೊಂದಿಸುವುದು ಅದರ ವಿಷಯ. ವರ್ಚುವಲ್ ಸರ್ವರ್ ಎಂದರೆ ನಿಜವಾದ ಯಂತ್ರದೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಯಂತ್ರ. ನಾಳೆ ಬೆಳಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು. ವರ್ಚುವಲ್ ಸರ್ವರ್‌ಗೆ ‘ಆಭಾಸಿ ಸರ್ವರ್’, ಕಮಾಂಡ್ ಲೈನ್‌ಗೆ ‘ಆಜ್ಞಾಸಾಲು’ ಎಂದು ಬರೆದುಕೊಂಡಿದ್ದೇನೆ. ಈ ಸರ್ವರ್‌ಗಳನ್ನು ನಿರ್ವಹಿಸುವ ‘ವಿರ್ಶ್’ ಎಂಬ ಸಲಕರಣೆಯ ಡಿಫೈನ್, ಕ್ರಿಯೇಟ್, ಡೆಸ್ಟ್ರಾಯ್, ಅನ್‌ಡಿಫೈನ್ ಎಂಬ ನಾಲ್ಕಕ್ಕೆ ನಿರೂಪಿಸು, ಸೃಷ್ಟಿಸು, ನಾಶಪಡಿಸು, ಅಳಿಸು. ಕಮಾಂಡುಗಳು ಪುಸ್ತಕದಲ್ಲಿ ರೋಮನ್ ಲಿಪಿಯಲ್ಲೇ ಇರುತ್ತವೆ, ವಿವರಣೆಗೆ ಮಾತ್ರ ಕನ್ನಡ ಬೇಕು. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

——
ಮರು: (ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು)

‘ಆಭಾಸಿ’ ಬೇಡವೇ ಬೇಡ. ಹಿಂದಿಯವರ ಪದಕೋಶದಿಂದ ಎತ್ತಿಕೊಂಡು ಬಂದಿದ್ದೀರಿ. ಸಂಸ್ಕೃತದಲ್ಲಿ ತೋರಿಕೆ ಎಂಬ ಅರ್ಥವಿರುವುದು ನಿಜ, ಹೇತ್ವಾಭಾಸದಲ್ಲಿ ಅದು ನಮ್ಮಲ್ಲೂ ಉಳಿದಿದೆ. ಆದರೆ ‘ಸಭೆಯಲ್ಲಿ ಆಭಾಸವಾಯಿತು’ ಎಂದರೆ ಕನ್ನಡಿಗರು ಏನು ತಿಳಿಯುತ್ತಾರೆ? ಅದೇ ಕಳಂಕ ನಿಮ್ಮ ಸರ್ವರ್‌ಗೂ ತಟ್ಟುತ್ತದೆ.

‘ಆಜ್ಞಾಸಾಲು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದ್ದು. ವೈಯಾಕರಣಿ ಕೇಶಿರಾಜ ಬಿಟ್ಟುಕೊಟ್ಟ ಯಾವ ವಿನಾಯಿತಿಯೂ ಇದಕ್ಕೆ ಸಲ್ಲದು. ‘ಆಜ್ಞಾಪಂಕ್ತಿ’ ಎನ್ನಿ. ಅದು ಭಾರವೆನಿಸಿದರೆ ತದ್ಭವ ಹಿಡಿದು ‘ಆಣೆಸಾಲು’ ಎನ್ನಿ.

——
ಮರು: (ಶಿವಮೊಗ್ಗ)

ಪಂಕ್ತಿ ಎಂದರೆ ಎಲೆ ಹಾಕಿ ಬಡಿಸಲು ಬರುತ್ತಾರೆ. ಆಣೆ ಎಂದರೆ ದೇವರ ಮೇಲೆ ಇಡುವುದು. ಎರಡೂ ಬೇಡ.

ವರ್ಚುವಲ್‌ಗೆ ಅಚ್ಚಕನ್ನಡದ ‘ಹುಸಿ’ ಇರುವಾಗ ಸಂಸ್ಕೃತದ ಮನೆ ಬಾಗಿಲು ತಟ್ಟುವುದೇಕೆ? ಹುಸಿಮುನಿಸು, ಹುಸಿನಗೆ ಎನ್ನುವುದಿಲ್ಲವೇ? ಸರ್ವರ್ ಎಂದರೆ ಕೇಳಿದ್ದನ್ನು ಕೊಡುವುದು, ಆದ್ದರಿಂದ ‘ನೀಡುಗ’. ವರ್ಚುವಲ್ ಸರ್ವರ್ = ಹುಸಿನೀಡುಗ. ಕಾನ್ಫಿಗರ್ ಮಾಡು = ಅಣಿಗೊಳಿಸು. ಕೆಲಸ ಮುಗಿಯಿತು.

——
ಮರು: (ಮೈಸೂರು)

ದಿನಪತ್ರಿಕೆ ತೆರೆದರೆ ‘ಹುಸಿ ಬಾಂಬ್ ಕರೆ’. ಹುಡುಗರು ಸರ್ವರ್ ಬಿಟ್ಟು ಪೊಲೀಸರಿಗೆ ಫೋನ್ ಮಾಡುತ್ತಾರೆ. ಹುಸಿಮುನಿಸಿನಲ್ಲಿ ಮುನಿಸಿಲ್ಲ. ಈ ಯಂತ್ರ ಕೆಲಸವನ್ನು ಪೂರ್ತಿ ಮಾಡುತ್ತದೆ, ಹುಸಿ ಎಲ್ಲಿಂದ ಬಂತು?

——
ಮರು: (ಸಿಸ್ಟಮ್ ಅಡ್ಮಿನ್, ಬೆಂಗಳೂರು)

ಹಿರಿಯರಿಬ್ಬರೂ ಮನ್ನಿಸಬೇಕು. ಅಪಾಯವಿರುವುದು ಕೊನೆಯ ನಾಲ್ಕು ಕ್ರಿಯಾಪದಗಳಲ್ಲಿ, ಅವನ್ನು ಯಾರೂ ಮುಟ್ಟಿಲ್ಲ.

> ನಾಶಪಡಿಸು, ಅಳಿಸು

ಎರಡೂ ತಪ್ಪು. ವಿರ್ಶ್‌ನಲ್ಲಿ ‘ಡೆಸ್ಟ್ರಾಯ್’ ಕೊಟ್ಟರೆ ಏನೂ ನಾಶವಾಗುವುದಿಲ್ಲ. ಗೋಡೆಯ ಪ್ಲಗ್ ಕಿತ್ತಂತೆ ಸರ್ವರ್ ತಟ್ಟನೆ ನಿಲ್ಲುತ್ತದೆ. ಅರ್ಧ ಬರೆದಿದ್ದ ಕಡತ ಕೆಡಬಹುದು, ಆದರೆ ಡಿಸ್ಕ್ ಇದ್ದಲ್ಲೇ ಇರುತ್ತದೆ, ‘ಡಿಫೈನ್’ ಮಾಡಿಟ್ಟ ಸರ್ವರ್ ಆದರೆ ‘ಸ್ಟಾರ್ಟ್’ ಕೊಟ್ಟಾಗ ಮತ್ತೆ ಏಳುತ್ತದೆ. ‘ಷಟ್‌ಡೌನ್’ ಆದರೆ ಒಳಗಿರುವ ಆಪರೇಟಿಂಗ್ ಸಿಸ್ಟಂಗೆ ‘ನಿಲ್ಲು’ ಎಂದು ಕೇಳಿಕೊಳ್ಳುತ್ತದೆ, ಅದು ಒಪ್ಪಿದರೆ ನಿಲ್ಲುತ್ತದೆ. ‘ಅನ್‌ಡಿಫೈನ್’ ತೆಗೆಯುವುದು ಸರ್ವರ್‌ನ ವಿವರ ಬರೆದಿಟ್ಟ ಎಕ್ಸ್‌ಎಂಎಲ್ ದಾಖಲೆಯನ್ನು. ಬೇರೆ ಸೂಚನೆ ಕೊಡದಿದ್ದರೆ ಡಿಸ್ಕ್ ಕಡತ ಆಗಲೂ ಉಳಿಯುತ್ತದೆ. ಅಷ್ಟೇ ಅಲ್ಲ, ಓಡುತ್ತಿರುವ ಸರ್ವರ್‌ಗೆ ಅನ್‌ಡಿಫೈನ್ ಕೊಟ್ಟರೆ ಅದು ಓಡುತ್ತಲೇ ಇರುತ್ತದೆ, ನಿಂತ ಮೇಲೆ ಪಟ್ಟಿಯಿಂದ ಮಾಯವಾಗುತ್ತದೆ.

‘ಸೃಷ್ಟಿಸು’ ಕೂಡ ದಾರಿ ತಪ್ಪಿಸುತ್ತದೆ. ‘ಡಿಫೈನ್’ ದಾಖಲೆ ಮಾಡಿಕೊಳ್ಳುತ್ತದೆ, ಚಾಲೂ ಮಾಡುವುದಿಲ್ಲ. ‘ಕ್ರಿಯೇಟ್’ ನೇರವಾಗಿ ಚಾಲೂ ಮಾಡುತ್ತದೆ, ದಾಖಲೆ ಇಡುವುದಿಲ್ಲ. ಆದ್ದರಿಂದ ಕ್ರಮವಾಗಿ: ನೋಂದಾಯಿಸು, ತಾತ್ಕಾಲಿಕವಾಗಿ ಚಾಲೂ ಮಾಡು, ಬಲವಂತವಾಗಿ ನಿಲ್ಲಿಸು, ನೋಂದಣಿ ತೆಗೆ. ‘ನಾಶಪಡಿಸು’ ಎಂದು ಅಚ್ಚಾದರೆ ಹೆದರಿದ ಹುಡುಗ ಅದನ್ನು ಬಳಸುವುದೇ ಇಲ್ಲ. ‘ಅಳಿಸು’ ಎಂದು ನಂಬಿದವನು ಜಾಗ ಖಾಲಿಯಾಯಿತೆಂದುಕೊಳ್ಳುತ್ತಾನೆ, ಡಿಸ್ಕ್ ತುಂಬುತ್ತಲೇ ಇರುತ್ತದೆ.

ಇನ್ನೊಂದು. ಈ ಸಲಕರಣೆಯ ದಾಖಲೆಗಳಲ್ಲಿ ವರ್ಚುವಲ್ ಯಂತ್ರವನ್ನೇ ‘ಡೊಮೇನ್’ ಎನ್ನುತ್ತಾರೆ, ಕೇಂಬ್ರಿಜ್‌ನಲ್ಲಿ ಹುಟ್ಟಿದ, ಇದೇ ಬಗೆಯ ಜ಼ೆನ್ ಎಂಬ ತಂತ್ರಾಂಶದ ಕಡೆಯಿಂದ ಬಂದ ರೂಢಿ ಅದು. ದಯವಿಟ್ಟು ‘ಕ್ಷೇತ್ರ’ ಎಂದು ಬರೆಯಬೇಡಿ, ಧರ್ಮಸ್ಥಳವೋ ವಿಧಾನಸಭೆಯೋ ಎಂದು ಕೇಳುತ್ತಾರೆ. ವರ್ಚುವಲ್ ಸರ್ವರ್ ‘ವರ್ಚುವಲ್ ಸರ್ವರ್’ ಆಗಿಯೇ ಇರಲಿ. ಕೆವಿಎಂ ಲಿನಕ್ಸ್‌ನ ತಿರುಳಾದ ಕರ್ನಲ್ ಸೇರಿದ್ದು 2007ರಲ್ಲಿ. ಈ ಕೆಲಸ ಮಾಡುವವರ ಬಾಯಲ್ಲಿ ಬೇರೆ ಪದ ನಾನಂತೂ ಕೇಳಿಲ್ಲ.

——
ಮರು: (ಶಿವಮೊಗ್ಗ)

‘ನೋಂದಣಿ’ ಮರಾಠಿಯದು. ‘ಚಾಲೂ’ ಹಿಂದಿಯದು. ‘ತಾತ್ಕಾಲಿಕ’ ಸಂಸ್ಕೃತದ್ದು. ‘ಡಿಸ್ಕ್’ ಇಂಗ್ಲಿಷಿನದು. ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ. ಕೆಲಸ ಮಾಡುವವರು ಆಡಿದ್ದೇ ಪದವಾದರೆ ಈ ಬಳಗವನ್ನು ಮುಚ್ಚಿಬಿಡಿ.

——
ಮರು: (ಧಾರವಾಡ)

ಮುಚ್ಚುವುದು ಬೇಡ. ನಮ್ಮೂರಿನಲ್ಲಿ ನೋಂದಣಿ ಇಲ್ಲದೆ ಒಂದು ಗುಂಟೆ ಜಮೀನೂ ಕೈ ಬದಲಿಸುವುದಿಲ್ಲ. ಆ ‘ಜಮೀನು’ ಪಾರಸಿಯದು, ಅದಕ್ಕೆ ಕೊಡುವ ‘ಅರ್ಜಿ’ ಅರಬಿಯದು. ಹೊಲ ಉಳುವವರು ಇವನ್ನು ಕನ್ನಡವೆಂದೇ ಆಡುತ್ತಾರೆ, ಅವರಿಗೆ ನೀವು ಯಾವ ಪಟ್ಟಿ ತೋರಿಸುತ್ತೀರಿ?

ಮೈಸೂರಿನ ಗುರುಗಳಿಗೂ ಒಂದು ಮಾತು. ‘ಚುನಾವಣಾ ಕಣ’ ಎಂದು ಎಲ್ಲ ಪತ್ರಿಕೆಗಳೂ ಬರೆಯುತ್ತವೆ. ಹಿಂದಿಯ ‘ಚುನಾವ್’ಗೆ ನೆಂಟನಾದ ಪದಕ್ಕೆ ಸಂಸ್ಕೃತದ ದೀರ್ಘ ಕೊಟ್ಟು ಒಕ್ಕುವ ಕಣಕ್ಕೆ ಜೋಡಿಸಿದ್ದೇವೆ. ಅದರ ಮುಂದೆ ಆಜ್ಞಾಸಾಲು ಎಷ್ಟೋ ವಾಸಿ.

——
ಮರು: (ಮೈಸೂರು)

ಎಲ್ಲರೂ ಮಾಡಿದರೆಂದು ಅರಿಸಮಾಸ ಮಿತ್ರಸಮಾಸವಾಗುವುದಿಲ್ಲ.

——
ಮರು: (ಪ್ರಶ್ನೆ ಕೇಳಿದವರು)

ಬೆಂಗಳೂರಿನವರು ಕೊಟ್ಟ ನಾಲ್ಕನ್ನೂ ಹಾಗೆಯೇ ಹಾಕಿದ್ದೇನೆ. ‘ಅನ್‌ಡಿಫೈನ್’ ಕೆಳಗೆ ‘ಡಿಸ್ಕ್ ಕಡತ ಉಳಿಯುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದೆ. ವರ್ಚುವಲ್ ಸರ್ವರ್, ಕಮಾಂಡ್ ಲೈನ್ ಇದ್ದಂತೆಯೇ ಇರುತ್ತವೆ. ಕಾನ್ಫಿಗರೇಶನ್ ಒಂದು ಉಳಿದಿದೆ. ಕ್ರಿಯಾಪದಕ್ಕೆ ‘ಹೊಂದಿಸು’ ಸರಿಹೋಗುತ್ತದೆ, ಆದರೆ ನಾಮಪದ ಮಾಡಿದರೆ ‘ಹೊಂದಾಣಿಕೆ’ಯಾಗಿ ಎರಡು ಪಕ್ಷಗಳು ಸೀಟು ಹಂಚಿಕೊಂಡಂತೆ ಕೇಳುತ್ತದೆ. ‘ಸಂರಚನೆ’ ಎಂದರೆ ಕಟ್ಟಡದ ಚೌಕಟ್ಟು.

——
ಮರು: (ಶಿವಮೊಗ್ಗ)

‘ಅಣಿಗೊಳಿಕೆ’ ಎಂದು ಆಗಲೇ ಅರ್ಧ ಹೇಳಿದ್ದೆ. ಓದಿದ್ದರೆ ಸಿಗುತ್ತಿತ್ತು.

——
ಮರು: (ಬೆಂಗಳೂರು)

ಅಧ್ಯಾಯದ ಶೀರ್ಷಿಕೆಗೆ ‘ಸರ್ವರ್ ಹೊಂದಿಸುವುದು’ ಎಂದು ಬರೆಯಿರಿ, ನಾಮಪದವೇ ಬೇಕಾಗುವುದಿಲ್ಲ. ಸರ್ವರ್ ಕಟ್ಟುವ ‘ವರ್ಟ್-ಇನ್‌ಸ್ಟಾಲ್’ ಕಮಾಂಡಿನ ಉದಾಹರಣೆಯಲ್ಲಿ ಮೆಮೊರಿಗೆ 2048, ಡಿಸ್ಕ್‌ಗೆ 20 ಎಂದಿದ್ದರೆ ಮೊದಲನೆಯದು ಮೆಬಿಬೈಟ್ (1024ರ ಲೆಕ್ಕದ ಮೆಗಾಬೈಟ್), ಎರಡನೆಯದು ಗಿಬಿಬೈಟ್ (ಅದೇ ಲೆಕ್ಕದ ಗಿಗಾಬೈಟ್). ಕರಡು ತಿದ್ದುವವರು ಎರಡನ್ನೂ ಒಂದೇ ಅಳತೆಗೆ ತಂದುಬಿಟ್ಟಾರು, ಅಚ್ಚಿಗೆ ಕಳುಹಿಸುವ ಮುನ್ನ ನೋಡಿಕೊಳ್ಳಿ.