ಸಾಲು ಹತ್ತಿರ ಮಾಡಿದ್ದಕ್ಕೇ ಜೋಳದ ಗರಿ ಬೇಗ ಒಣಗಿತಾ?

ಅರಸೀಕೆರೆ ಹೊಲ: ಈ ಸಲ ಮುಸುಕಿನ ಜೋಳವನ್ನು ಒಂದೂವರೆ ಅಡಿ ಸಾಲಿಗೆ ಹಾಕಿದೆ. ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಸೂಲಂಗಿ (ಗಿಡದ ತುದಿಯ ಹೂಗೊಂಚಲು) ಬರುವಷ್ಟರಲ್ಲಿ ಕೆಳಗಿನ ನಾಲ್ಕೈದು ಗರಿ ಹಳದಿಯಾದವು. ಈಗ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತವೆ. ಪಕ್ಕದ ಹೊಲದಲ್ಲಿ ಎರಡು ಅಡಿ ಸಾಲು. ಅದೇ ಬೀಜ, ಅದೇ ವಾರದ ಬಿತ್ತನೆ. ಅಲ್ಲಿ ಬುಡದವರೆಗೂ ಹಸಿರು. ಸಾಲು ಹತ್ತಿರ ಮಾಡಿದ್ದೇ ತಪ್ಪಾಯಿತಾ?

ಬೇಲೂರು ಕಡೆಯವ: ಸಾಲಿನ ತಪ್ಪಲ್ಲ ಅಣ್ಣ, ಯೂರಿಯಾ ಸಾಲದೆ ಹೀಗಾಗಿದೆ. ಹಳದಿ ಎಲ್ಲಿಂದ ಶುರುವಾಯಿತು? ತುದಿಯಿಂದ ನಡುನರದ ಗುಂಟ ಒಳಗೆ ಇಳಿದಿದ್ದರೆ ಸಾರಜನಕದ ಕೊರತೆ. ಅಂಚು ಸುಟ್ಟಂತಿದ್ದರೆ ಪೊಟ್ಯಾಶ್.

ಅರಸೀಕೆರೆ ಹೊಲ: ನಡುನರದ ಗುಂಟವೇ. ಆದರೆ ಎರಡೂ ಹೊಲಕ್ಕೆ ಎಕರೆಗೆ ಒಂದೇ ಲೆಕ್ಕದಲ್ಲಿ ಯೂರಿಯಾ ಬಿದ್ದಿದೆ.

ಕಡೂರಿನ ಅಕ್ಕ: ಹಾಗಾದರೆ ಗಿಡದ ಲೆಕ್ಕ ಹಾಕಿ. ಪಕ್ಕದ ಹೊಲದ 60×20ರಲ್ಲಿ, ಅಂದರೆ ಸಾಲಿಗೆ ಸಾಲು 60 ಸೆಂ.ಮೀ., ಗಿಡಕ್ಕೆ ಗಿಡ 20 ಸೆಂ.ಮೀ. ಇದ್ದರೆ, ಎಕರೆಗೆ ಸುಮಾರು 33,700 ಗಿಡ. ನಿಮ್ಮ 45×20ರಲ್ಲಿ ಸುಮಾರು 45,000. ಅಷ್ಟೇ ಗೊಬ್ಬರಕ್ಕೆ 11,000 ಬಾಯಿ ಜಾಸ್ತಿ! ಮೇಲೆ ನೆರಳು ಬೇರೆ. ಬಿಸಿಲು ಸಿಗದ ಗರಿಯನ್ನು ಗಿಡ ಸುಮ್ನೆ ಸಾಕುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಎಳೆದು ಮೇಲಿನ ಗರಿಗೂ ತೆನೆಗೂ ಕೊಡುತ್ತದೆ. ಹಾಗಂತ ಹತ್ತಿರದ ಸಾಲೇ ಕೆಟ್ಟದ್ದು ಅನ್ನಬೇಡಿ. ಅದೇ ಸಾಲಿನಲ್ಲಿ ಗಿಡಕ್ಕೆ ಗಿಡ 27 ಸೆಂ.ಮೀ. ಬಿಟ್ಟಿದ್ದರೆ ಗಿಡದ ಸಂಖ್ಯೆ ಪಕ್ಕದ ಹೊಲದಷ್ಟೇ ಆಗುತ್ತಿತ್ತು. ಗಿಡಗಳು ಸಮನಾಗಿ ಹರಡಿ, ಒಂದರ ನೆರಳು ಇನ್ನೊಂದಕ್ಕೆ ಬೀಳುವುದು ಕಡಿಮೆಯಾಗುತ್ತಿತ್ತು.

ಹೊಳೆನರಸೀಪುರ: ಲೆಕ್ಕ ಸರಿ ಅಕ್ಕ. ಆದರೆ ಒಂದೂವರೆ ಅಡಿಯಲ್ಲಿ ಎತ್ತು ಕಟ್ಟಿ ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆ ಹೊಡೆಯುವುದು ಹೇಗೆ? ನಾನು ಜೋಡಿಸಾಲು ಹಾಕುತ್ತೇನೆ. ಜೋಡಿಯ ನಡುವೆ 45, ಜೋಡಿಯಿಂದ ಜೋಡಿಗೆ 75. ಗಿಡದ ಸಂಖ್ಯೆ 60ರ ಸಾಲಿನಷ್ಟೇ. ಅಗಲದ ಜಾಗದಲ್ಲಿ ಅವರೆಯೂ ಬರುತ್ತದೆ, ಬುಡದ ತನಕ ಬಿಸಿಲೂ ಇಳಿಯುತ್ತದೆ.

ಕಡೂರಿನ ಅಕ್ಕ: ಹೊರಗಡೆ ಇಳಿಯುತ್ತದೆ, ಒಪ್ಪಿದೆ. ಜೋಡಿಯ ಒಳಗಡೆಗೆ ಬಾಗಿದ ಗರಿಗಳನ್ನು ಒಮ್ಮೆ ಬಗ್ಗಿ ನೋಡಿ. ಅವು ಮೊದಲು ಒಣಗುತ್ತವೆ. ಎಡೆಕುಂಟೆ ವಿಷಯದಲ್ಲಿ ಮಾತ್ರ ನಿಮ್ಮದೇ ಸರಿ.

ಬೇಲೂರು ಕಡೆಯವ: ಸಾಲನ್ನು ಪೂರ್ವ ಪಶ್ಚಿಮ ಹಾಕಿದ್ದರೆ?

ಕಡೂರಿನ ಅಕ್ಕ: ಮುಂಗಾರಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲ್ಲ. ಆಗಸ್ಟ್ ಮಧ್ಯದಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನಮ್ಮಲ್ಲಿ ಇಳಿಜಾರಿಗೆ ಅಡ್ಡ ಸಾಲು ಹಾಕುವುದೇ ಮುಖ್ಯ.

ಅರಸೀಕೆರೆ ಹೊಲ: ಈಗ ತಾನೇ ಹೊಲಕ್ಕೆ ಹೋಗಿ ಬಂದೆ. ಬದುವಿನ ಪಕ್ಕದ ಸಾಲಿನಲ್ಲಿ ಎರಡು ತೆನೆ ಸುಲಿದೆ. ತುದಿಯವರೆಗೂ ಕಾಳು. ಹತ್ತು ಸಾಲು ಒಳಗೆ ಹೋಗಿ ಸುಲಿದರೆ ತುದಿಯ ಒಂದು ಇಂಚು ಬರೀ ಬೆಂಡು. ಹೊಟ್ಟೆ ಉರಿಯಿತು. ಬೀಜ ಮಿಕ್ಕಿಬಿಡುತ್ತದೆ ಅಂತ ಹಿಂದೆಮುಂದೆ ನೋಡದೆ ಒತ್ತಾಗಿ ಹಾಕಿದೆ. ಮುಂದಿನ ವರ್ಷ ಅರ್ಧ ಎಕರೆ 45×27, ಉಳಿದಿದ್ದು ಜೋಡಿಸಾಲು. ಒಣಗಿದ ಗರಿ ಕಿತ್ತು ದನಕ್ಕೆ ಹಾಕಬಹುದಾ?

ಹೊಳೆನರಸೀಪುರ: ಬುಡದವನ್ನು ಹಾಕಿ. ತೆನೆ ಪಕ್ಕದ ಗರಿ, ಅದರ ಮೇಲಿನವು ಮುಟ್ಟಬೇಡಿ. ಕಾಳು ತುಂಬುವುದು ಹೆಚ್ಚಾಗಿ ಅವುಗಳಿಂದಲೇ.